ಕಂಪೈಲ್ ಮಾಡಿದ ಹೊಸ ಕರ್ನಲ್ ‘ಅನ್‌ನೋನ್-ಬ್ಲಾಕ್(0,0)’ ಎಂದು ನಿಲ್ಲುತ್ತಿದೆ, ಡಿಸ್ಕ್ ಮೌಂಟ್ ಆಗುತ್ತಿಲ್ಲ

ಕೊಡಚಾದ್ರಿ_92:
ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಒಂದೇ ಕಡೆ ಸಿಕ್ಕಿಕೊಂಡಿದ್ದೇನೆ, ದಯವಿಟ್ಟು ಸ್ವಲ್ಪ ನೋಡಿ. ಲ್ಯಾಪ್‌ಟಾಪ್‌ನಲ್ಲಿ ಡೆಬಿಯನ್ 12 ಲಿನಕ್ಸ್ ಇದೆ, ಅದರ ಜೊತೆ ಬಂದ ಕರ್ನಲ್ (ಸಿಸ್ಟಮ್‌ನ ತಿರುಳು ಪ್ರೋಗ್ರಾಮ್) 6.1. ಎಲ್ಲ ಚೆನ್ನಾಗಿದೆ, ಸ್ಪೀಕರ್ ಮಾತ್ರ ಕೆಲಸ ಮಾಡಲ್ಲ. ಹೆಡ್‌ಫೋನ್ ಹಾಕಿದರೆ ಶಬ್ದ ಬರುತ್ತದೆ. ಇದೇ ಕಂಪನಿಯ ಪಕ್ಕದ ಮಾಡೆಲ್‌ಗೆ ರಿಯಲ್‌ಟೆಕ್ ಆಡಿಯೊ ಫೈಲ್‌ನಲ್ಲಿ ಒಂದು ಸಾಲು ಸೇರಿಸಿ ಸರಿ ಮಾಡಿದ್ದಾರೆ. ನನ್ನ ಮಾಡೆಲ್‌ನ ಐಡಿಗೂ ಅದೇ ಸಾಲು ಹಾಕಿ ನೋಡೋಣ ಎಂದು ಕರ್ನಲ್ 6.12ರ ಸೋರ್ಸ್ ಇಳಿಸಿಕೊಂಡೆ.

ಮಾಡಿದ್ದು ಇಷ್ಟು. /ಬೂಟ್‌ನಲ್ಲಿದ್ದ ಹಳೆಯ ಕಾನ್ಫಿಗ್ ಫೈಲನ್ನು (ಕರ್ನಲ್‌ನಲ್ಲಿ ಏನೇನು ಇರಬೇಕು ಎನ್ನುವ ಪಟ್ಟಿ) ಕಾಪಿ ಮಾಡಿಕೊಂಡೆ. ‘ಮೇಕ್ ಲೋಕಲ್‌ಮಾಡ್‌ಕಾನ್ಫಿಗ್’ ಕೊಟ್ಟೆ, ಕೇಳಿದ್ದಕ್ಕೆಲ್ಲ ಎಂಟರ್ ಒತ್ತಿದೆ. ‘ಮೇಕ್ -ಜೆ4’. ನಡುವೆ ಒಮ್ಮೆ ಕರೆಂಟ್ ಹೋಗಿ ಬ್ಯಾಟರಿ ಮುಗಿದು ನಿಂತಿತು, ಮತ್ತೆ ಕೊಟ್ಟಾಗ ಬಿಟ್ಟಲ್ಲಿಂದಲೇ ಮುಂದುವರಿಯಿತು. ಆಮೇಲೆ ‘ಮೇಕ್ ಮಾಡ್ಯೂಲ್ಸ್_ಇನ್‌ಸ್ಟಾಲ್’, ಬಿಜೆಡ್‌ಇಮೇಜ್ ಫೈಲನ್ನು (ಕಂಪೈಲ್ ಆದ ಕರ್ನಲ್) ಕೈಯಾರೆ /ಬೂಟ್‌ಗೆ ಕಾಪಿ ಮಾಡಿ ‘ಅಪ್‌ಡೇಟ್-ಗ್ರಬ್’ (ಗ್ರಬ್ ಅಂದರೆ ಕರ್ನಲ್ ಎಬ್ಬಿಸುವ ಬೂಟ್ ಲೋಡರ್). ರೀಸ್ಟಾರ್ಟ್ ಮಾಡಿದರೆ ಕಪ್ಪು ಪರದೆ ಮೇಲೆ ಇಷ್ಟು ಬಂದು ನಿಲ್ಲುತ್ತದೆ: ರೂಟ್ ಡಿವೈಸ್ (ಸಿಸ್ಟಮ್ ಇರುವ ಪಾರ್ಟಿಷನ್) ‘/ಡೆವ್/ಎನ್‌ವಿಎಂಇ0ಎನ್1ಪಿ2’ ತೆರೆಯಲಾಗಲಿಲ್ಲ, ಅನ್‌ನೋನ್-ಬ್ಲಾಕ್(0,0), ಎರರ್ -6. ಕೊನೆಗೆ ಕರ್ನಲ್ ಪ್ಯಾನಿಕ್.

ಎಸ್‌ಎಸ್‌ಡಿ ಹಾಳಾಯಿತಾ ಎಂದು ಹೆದರಿಕೆ. ಹಳೆಯ ಕರ್ನಲ್‌ನಲ್ಲಿ ಆರಾಮಾಗಿ ಬೂಟ್ ಆಗುತ್ತದೆ.

ದಾವಣಗೆರೆ_ಬೆಣ್ಣೆ:
‘ಮೇಕ್ ಎಂಆರ್‌ಪ್ರಾಪರ್’ ಕೊಟ್ಟು ಮೊದಲಿಂದ ಮಾಡಿ ಗುರು. ಅರ್ಧದಲ್ಲಿ ಕರೆಂಟ್ ಹೋಗಿದ್ದರಿಂದ ಯಾವುದೋ ಫೈಲ್ ಕೆಟ್ಟಿರಬೇಕು.

ಕಪ್ಪುಪರದೆ:
ಬೇಡ, ಈಗಲೇ ಅದನ್ನು ಕೊಡಬೇಡಿ. ಎಂಆರ್‌ಪ್ರಾಪರ್ ನಿಮ್ಮ ಡಾಟ್-ಕಾನ್ಫಿಗ್ ಫೈಲನ್ನೂ ಅಳಿಸುತ್ತದೆ. ಕೊಡಲೇಬೇಕಾದರೆ ಮೊದಲು ಆ ಫೈಲನ್ನು ಬೇರೆ ಫೋಲ್ಡರ್‌ಗೆ ಕಾಪಿ ಮಾಡಿಡಿ. ಕರೆಂಟ್ ಹೋಗಿದ್ದಕ್ಕೂ ಈ ಪ್ಯಾನಿಕ್‌ಗೂ ಸಂಬಂಧ ಇರುವಂತೆ ಕಾಣುವುದಿಲ್ಲ. ನಿಮ್ಮ ಎಸ್‌ಎಸ್‌ಡಿ ಹಾಳಾಗಿಲ್ಲ, ಹಳೆಯ ಕರ್ನಲ್ ಅದೇ ಡಿಸ್ಕಿಂದ ತಾನೇ ಬೂಟ್ ಆಗುತ್ತಿರುವುದು?

ಆ ಬ್ರಾಕೆಟ್ ಒಳಗಿನ ಎರಡು ಅಂಕಿಗಳನ್ನು ಓದುವುದು ಕಲಿತರೆ ಅರ್ಧ ಕೆಲಸ ಮುಗಿದ ಹಾಗೆ. ಮೊದಲನೆಯದು ಮೇಜರ್ ನಂಬರ್, ಎರಡನೆಯದು ಮೈನರ್. ಸಾಟಾ ಅಥವಾ ಯುಎಸ್‌ಬಿ ಡಿಸ್ಕ್ ಆದರೆ ಮೇಜರ್ 8. ನಿಮ್ಮದರಂಥ ಎನ್‌ವಿಎಂಇ ಎಸ್‌ಎಸ್‌ಡಿ ಆದರೆ ಸಾಮಾನ್ಯವಾಗಿ 259. ಅಲ್ಲಿ (8,2) ಅಂತಲೋ (259,2) ಅಂತಲೋ ಇದ್ದರೆ ಕರ್ನಲ್‌ಗೆ ಡಿಸ್ಕ್ ಕಂಡಿದೆ, ಅದರ ಮೇಲಿನ ಫೈಲ್‌ಸಿಸ್ಟಮ್ ಓದಲು ಬಂದಿಲ್ಲ ಎಂದು ಅರ್ಥ. ಆಗ ಎಕ್ಸ್‌ಟಿ4, ಬಿಟಿಆರ್‌ಎಫ್‌ಎಸ್ ಇಂಥ ಫೈಲ್‌ಸಿಸ್ಟಮ್‌ನ ಡ್ರೈವರ್ ಇದೆಯಾ ಹುಡುಕಬೇಕು. (0,0) ಬಂದರೆ ನೀವು ಹೇಳಿದ ಹೆಸರಿನ ಡಿಸ್ಕೇ ಕರ್ನಲ್‌ಗೆ ಸಿಕ್ಕಿಲ್ಲ. ಡ್ರೈವರ್ ಇಲ್ಲ, ಇಲ್ಲವಾದರೆ ‘ರೂಟ್=’ ಎಂದು ಕೊಟ್ಟ ಹೆಸರು ತಪ್ಪು.

ಯಾವುದು ಎಂದು ತಿಳಿಯಲು ಪ್ಯಾನಿಕ್ ಸಾಲಿನ ಸ್ವಲ್ಪ ಮೇಲೆ ನೋಡಿ. ಇರುವ ಪಾರ್ಟಿಷನ್‌ಗಳ ಪಟ್ಟಿ ಎಂದು ಒಂದು ಸಾಲು ಇರುತ್ತದೆ. ಅದರ ಕೆಳಗೆ ಏನಾದರೂ ಇದೆಯಾ? ಮತ್ತೆ ಹಳೆಯ ಕರ್ನಲ್‌ನಲ್ಲಿ ಬೂಟ್ ಮಾಡಿ /ಬೂಟ್ ಒಳಗೆ 6.12 ಹೆಸರಿನ ಇನಿಟ್‌ಆರ್‌ಡಿ ಫೈಲ್ (ಬೂಟ್‌ನ ಶುರುವಿಗೆ ಬೇಕಾದ ಮಾಡ್ಯೂಲ್‌ಗಳ ಕಟ್ಟು, ಇನಿಟ್‌ರಾಮ್‌ಎಫ್‌ಎಸ್ ಎಂದೂ ಕರೆಯುತ್ತಾರೆ) ಇದೆಯಾ ನೋಡಿ. ಈ ಎರಡನ್ನೂ ಹೇಳಿ.

ಕೊಡಚಾದ್ರಿ_92:
ಅಕ್ಕ, ಫೋಟೊ ತೆಗೆದಿದ್ದೆ, ಈಗ ದೊಡ್ಡದು ಮಾಡಿ ನೋಡಿದೆ. ಪಟ್ಟಿ ಖಾಲಿ ಇದೆ, ಒಂದೂ ಪಾರ್ಟಿಷನ್ ಇಲ್ಲ. /ಬೂಟ್‌ನಲ್ಲಿ 6.1ಕ್ಕೆ ಇನಿಟ್‌ಆರ್‌ಡಿ ಇದೆ, 6.12ಕ್ಕೆ ಇಲ್ಲ.

ಕಪ್ಪುಪರದೆ:
ಸಿಕ್ಕಿತು. ಡೆಬಿಯನ್ ಕಾನ್ಫಿಗ್‌ನಲ್ಲಿ ಎನ್‌ವಿಎಂಇ ಡ್ರೈವರ್ ಮಾಡ್ಯೂಲ್ ಆಗಿರುತ್ತದೆ, ಅಂದರೆ ಕರ್ನಲ್ ಒಳಗೆ ಇರುವುದಿಲ್ಲ, /ಲಿಬ್/ಮಾಡ್ಯೂಲ್ಸ್ ಒಳಗೆ ಬೇರೆ ಫೈಲ್. ಆ ಫೈಲ್ ಇರುವುದು ನಿಮ್ಮ ಎಸ್‌ಎಸ್‌ಡಿ ಮೇಲೆ. ಎಸ್‌ಎಸ್‌ಡಿ ಓದಲು ಆ ಫೈಲ್ ಬೇಕು. ಬೀಗದ ಕೈ ಮನೆಯೊಳಗೇ ಇಟ್ಟು ಬಾಗಿಲು ಎಳೆದುಕೊಂಡ ಹಾಗೆ. ಇನಿಟ್‌ರಾಮ್‌ಎಫ್‌ಎಸ್ ಇರುವುದು ಇದಕ್ಕೇ. ಗ್ರಬ್ ಅದನ್ನು ಕರ್ನಲ್ ಜೊತೆಗೇ ಮೆಮೊರಿಗೆ ತಂದು ಇಡುತ್ತದೆ, ಅದರೊಳಗಿನ ಎನ್‌ವಿಎಂಇ ಮಾಡ್ಯೂಲ್ ಮೊದಲು ಲೋಡ್ ಆಗುತ್ತದೆ, ಆಮೇಲೆ ನಿಜವಾದ ರೂಟ್ ಮೌಂಟ್ ಆಗುತ್ತದೆ, ಅಂದರೆ ಬಳಕೆಗೆ ತೆರೆದುಕೊಳ್ಳುತ್ತದೆ.

ನೀವು ಬಿಜೆಡ್‌ಇಮೇಜ್ ಕೈಯಾರೆ ಕಾಪಿ ಮಾಡಿದ್ದರಿಂದ ಇನಿಟ್‌ಆರ್‌ಡಿ ಯಾರೂ ತಯಾರಿಸಲಿಲ್ಲ. ‘ಮೇಕ್ ಇನ್‌ಸ್ಟಾಲ್’ ಕೊಟ್ಟಿದ್ದರೆ ಡೆಬಿಯನ್‌ನಲ್ಲಿ ಆ ಕೆಲಸವೂ ಗ್ರಬ್ ಕೆಲಸವೂ ತಾನಾಗಿಯೇ ಆಗುತ್ತಿತ್ತು. ಈಗ ‘ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಸಿ -ಕೆ’ ಎಂದು ಬರೆದು ಮುಂದೆ ಕರ್ನಲ್ ಹೆಸರು ಪೂರ್ತಿ ಕೊಡಿ. /ಲಿಬ್/ಮಾಡ್ಯೂಲ್ಸ್ ಒಳಗಿನ ಫೋಲ್ಡರ್ ಹೆಸರೇ ಆ ಹೆಸರು. ಒಂದು ಅಕ್ಷರ, ಒಂದು ಪ್ಲಸ್ ಚಿಹ್ನೆ ತಪ್ಪಿದರೂ ಆಗುವುದಿಲ್ಲ. ಆಮೇಲೆ ಮತ್ತೆ ‘ಅಪ್‌ಡೇಟ್-ಗ್ರಬ್’. ಫೆಡೋರಾದವರಿಗೆ ಇದೇ ಕೆಲಸಕ್ಕೆ ಡ್ರಾಕಟ್, ಆರ್ಚ್‌ನವರಿಗೆ ಎಂಕೆಇನಿಟ್‌ಸಿಪಿಐಒ.

ರೀಸ್ಟಾರ್ಟ್ ಮಾಡುವ ಮೊದಲು ‘ಎಲ್‌ಎಸ್‌ಇನಿಟ್‌ರಾಮ್‌ಎಫ್‌ಎಸ್’ ಕೊಟ್ಟು ಅದರಲ್ಲಿ ಎನ್‌ವಿಎಂಇ ಎಂದು ಗ್ರೆಪ್ ಮಾಡಿ. ಕಂಡರೆ ಮಾತ್ರ ರೀಸ್ಟಾರ್ಟ್.

ಗೋಳಿಬಜೆ:
ನಾನು ಬೇರೆ ದಾರಿ ಹಿಡಿಯುತ್ತೇನೆ. ಮೆನುಕಾನ್ಫಿಗ್‌ನಲ್ಲಿ (ಕಾನ್ಫಿಗ್ ಬದಲಾಯಿಸುವ ಮೆನು) ಎನ್‌ವಿಎಂಇಗೂ ಎಕ್ಸ್‌ಟಿ4ಗೂ ಮಾಡ್ಯೂಲ್ ಎನ್ನುವ ‘ಎಂ’ ತೆಗೆದು ಸ್ಟಾರ್ ಹಾಕಿಬಿಟ್ಟರೆ ಎರಡೂ ಕರ್ನಲ್ ಒಳಗೇ ಬರುತ್ತವೆ. ಇನಿಟ್‌ಆರ್‌ಡಿ ಬೇಕಾಗೇ ಇಲ್ಲ. ಜೆಂಟೂನಲ್ಲಿ ಹತ್ತು ವರ್ಷದಿಂದ ಹೀಗೇ ನಡೆಸುತ್ತಿದ್ದೇನೆ, ಒಮ್ಮೆಯೂ ತೊಂದರೆ ಆಗಿಲ್ಲ.

ಕಪ್ಪುಪರದೆ:
ಒಪ್ಪುತ್ತೇನೆ, ಒಂದೇ ಮಷೀನ್‌ಗೆ ಕಟ್ಟುವಾಗ ಅದು ಒಳ್ಳೆಯ ದಾರಿಯೇ. ಆದರೆ ಎರಡು ಮಾತು ಸೇರಿಸಬೇಕು. ಇನಿಟ್‌ರಾಮ್‌ಎಫ್‌ಎಸ್ ಇಲ್ಲದಿದ್ದರೆ ‘ರೂಟ್=ಯುಯುಐಡಿ’ ನಡೆಯುವುದಿಲ್ಲ. ಫೈಲ್‌ಸಿಸ್ಟಮ್‌ನ ಯುಯುಐಡಿ (ಅದರದೇ ಗುರುತಿನ ಸಂಖ್ಯೆ) ಓದುವ ಕೆಲಸ ಕರ್ನಲ್‌ದಲ್ಲ, ಇನಿಟ್‌ರಾಮ್‌ಎಫ್‌ಎಸ್ ಒಳಗಿನ ಪ್ರೋಗ್ರಾಮ್‌ದು. ಕರ್ನಲ್‌ಗೆ ನೇರವಾಗಿ ಗೊತ್ತಾಗುವುದು ಪಾರ್ಟ್‌ಯುಯುಐಡಿ, ಅಂದರೆ ಪಾರ್ಟಿಷನ್‌ನ ಗುರುತು. ‘ಬಿಎಲ್‌ಕೆಐಡಿ’ ಕೊಟ್ಟರೆ ಎರಡೂ ಒಂದೇ ಸಾಲಲ್ಲಿ ಬರುತ್ತವೆ, ಎಷ್ಟೋ ಜನ ಅಲ್ಲಿ ತಪ್ಪಾದದ್ದನ್ನು ಕಾಪಿ ಮಾಡಿ ದಿನಗಟ್ಟಲೆ ಒದ್ದಾಡಿದ್ದಾರೆ. ಇನ್ನೊಂದು, ರೂಟ್ ಡಿಸ್ಕ್ ಲಕ್ಸ್‌ನಲ್ಲಿ ಎನ್‌ಕ್ರಿಪ್ಟ್ ಆಗಿದ್ದರೆ ಅಥವಾ ಎಲ್‌ವಿಎಂ ಮೇಲಿದ್ದರೆ ಇನಿಟ್‌ರಾಮ್‌ಎಫ್‌ಎಸ್ ಇಟ್ಟುಕೊಳ್ಳಲೇಬೇಕು. ಪಾಸ್‌ವರ್ಡ್ ಕೇಳುವ, ವಾಲ್ಯೂಮ್ ಜೋಡಿಸುವ ಪ್ರೋಗ್ರಾಮ್‌ಗಳು ಅಲ್ಲೇ ಓಡುವುದು.

ಮೈಸೂರುಪಾಕ್_ಲಿನಕ್ಸ್:
ನನ್ನದು ಇಷ್ಟು ದೂರ ಬರಲೇ ಇಲ್ಲ. ಉಬುಂಟು. ಕಂಪೈಲ್ ಶುರುವಾಗಿ ಸ್ವಲ್ಪ ಹೊತ್ತಿಗೇ ‘ಡೆಬಿಯನ್/ಕೆನಾನಿಕಲ್-ಸರ್ಟ್ಸ್ ಡಾಟ್ ಪೆಮ್’ ಮಾಡಲು ರೂಲ್ ಇಲ್ಲ ಎಂದು ನಿಲ್ಲುತ್ತದೆ. ಇಲ್ಲೇ ಕೇಳಬಹುದಾ?

ಕಪ್ಪುಪರದೆ:
ಕೇಳಿ, ಅದೂ ಇದೇ ವಿಷಯವೇ. ಉಬುಂಟುವಿನ ಕಾನ್ಫಿಗ್ ಅವರ ಸರ್ಟಿಫಿಕೇಟ್ ಫೈಲನ್ನು ಹುಡುಕುತ್ತದೆ. ಕರ್ನಲ್ ಡಾಟ್ ಆರ್ಗ್‌ನ ಸೋರ್ಸ್‌ನಲ್ಲಿ ಆ ಫೈಲ್ ಇಲ್ಲ. ‘ಸ್ಕ್ರಿಪ್ಟ್ಸ್/ಕಾನ್ಫಿಗ್’ ಎಂಬ ಸಣ್ಣ ಪ್ರೋಗ್ರಾಮ್ ಸೋರ್ಸ್ ಜೊತೆಗೇ ಬರುತ್ತದೆ. ಅದರಿಂದ ಸಿಸ್ಟಮ್_ಟ್ರಸ್ಟೆಡ್_ಕೀಸ್ ಮತ್ತು ಸಿಸ್ಟಮ್_ರೆವೊಕೇಷನ್_ಕೀಸ್ ಎರಡನ್ನೂ ಡಿಸೇಬಲ್ ಮಾಡಿ ಮತ್ತೆ ಮೇಕ್ ಕೊಡಿ. ಕೀ ಫೈಲ್ ಯಾವುದು ಎಂದು ಮತ್ತೆ ಕೇಳಿದರೆ ಖಾಲಿ ಬಿಟ್ಟು ಎಂಟರ್ ಒತ್ತಿ. ಕಂಪೈಲ್ ಆದ ಮೇಲೆ ಸೆಕ್ಯೂರ್ ಬೂಟ್ ಆನ್ ಇದ್ದರೆ ಗ್ರಬ್ ನಿಮ್ಮ ಕರ್ನಲ್ ಎತ್ತುವುದಿಲ್ಲ, ಸಹಿ ಸರಿಯಿಲ್ಲ ಎನ್ನುತ್ತದೆ. ಅದಕ್ಕೆ ನಿಮ್ಮದೇ ಕೀ ಮಾಡಿ ‘ಮೋಕ್‌ಯುಟಿಲ್’ನಲ್ಲಿ ಸೇರಿಸಿ ಕರ್ನಲ್‌ಗೆ ಸಹಿ ಹಾಕಬೇಕು. ಸುಮ್ನೆ ಒಮ್ಮೆ ಬೂಟ್ ಆಗುತ್ತದಾ ನೋಡಬೇಕಿದ್ದರೆ ಫರ್ಮ್‌ವೇರ್‌ನಲ್ಲಿ ಸೆಕ್ಯೂರ್ ಬೂಟ್ ಸ್ವಲ್ಪ ಹೊತ್ತು ಆಫ್ ಮಾಡಿ.

ಕೊಡಚಾದ್ರಿ_92:
ಅಕ್ಕ, ಇನಿಟ್‌ಆರ್‌ಡಿ ಮಾಡಲು ಹೋದರೆ ಜಾಗ ಇಲ್ಲ ಎನ್ನುತ್ತಿದೆ. /ಬೂಟ್ ಬೇರೆ ಪಾರ್ಟಿಷನ್, 500 ಎಂಬಿ ಚಿಲ್ಲರೆ. ಹಳೆಯ ಕರ್ನಲ್‌ನ ಇನಿಟ್‌ಆರ್‌ಡಿ ಅಳಿಸಿಬಿಡಲಾ?

ಕಪ್ಪುಪರದೆ:
ಅಳಿಸಬೇಡಿ!! ಈಗ ಬೂಟ್ ಆಗುತ್ತಿರುವುದು ಅದೊಂದೇ. ಹೊಸದು ನಾಲ್ಕು ಸಲ ಸರಿಯಾಗಿ ಎದ್ದ ಮೇಲೂ ಅದನ್ನು ಇಟ್ಟುಕೊಳ್ಳಿ.

ನಿಮ್ಮ ಮಾಡ್ಯೂಲ್‌ಗಳಲ್ಲಿ ಡೀಬಗ್ ಮಾಹಿತಿ ತುಂಬಿಕೊಂಡಿರುತ್ತದೆ, ಒಂದೊಂದು ಫೈಲೂ ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಮತ್ತೆ ಕಂಪೈಲ್ ಮಾಡುವುದು ಬೇಡ. ‘ಮೇಕ್ ಇನ್‌ಸ್ಟಾಲ್_ಮಾಡ್_ಸ್ಟ್ರಿಪ್=1 ಮಾಡ್ಯೂಲ್ಸ್_ಇನ್‌ಸ್ಟಾಲ್’ ಎಂದು ಕೊಡಿ, ಡೀಬಗ್ ಭಾಗ ಕತ್ತರಿಸಿ ಹಾಕುತ್ತದೆ. ಆಮೇಲೆ ಇನಿಟ್‌ಆರ್‌ಡಿ ಮತ್ತೆ ಮಾಡಿ. ಮುಂದಿನ ಸಲಕ್ಕೆ ‘ಮೇಕ್ ಬಿನ್‌ಡೆಬ್-ಪಿಕೆಜಿ’ ಅಭ್ಯಾಸ ಮಾಡಿಕೊಳ್ಳಿ. ಕರ್ನಲ್ ಒಂದು ಡೆಬ್ ಪ್ಯಾಕೇಜ್ ಆಗಿ ಸಿಗುತ್ತದೆ, ಡಿಪಿಕೆಜಿ ಹಾಕಿದಾಗ ಇನಿಟ್‌ಆರ್‌ಡಿ, ಗ್ರಬ್ ಎಲ್ಲ ತಾನೇ ಆಗುತ್ತದೆ, ಬೇಡವಾದಾಗ ಆಪ್ಟ್‌ನಿಂದ ಚೊಕ್ಕವಾಗಿ ತೆಗೆಯಬಹುದು.

ಕೊಡಚಾದ್ರಿ_92:
ಬೂಟ್ ಆಯಿತು!!! 6.12. ಸ್ಟ್ರಿಪ್ ಮಾಡಿದ ಮೇಲೆ ಇನಿಟ್‌ಆರ್‌ಡಿ 40 ಎಂಬಿ ಆಸುಪಾಸಿಗೆ ಇಳಿಯಿತು.

ಆದರೆ ಪೂರ್ತಿ ಆಗಲಿಲ್ಲ. ಒಂದೂವರೆ ನಿಮಿಷ ಒಂದು ಡಿಸ್ಕ್‌ಗೆ ಕಾಯುತ್ತಾ ಕೆಂಪು ನಕ್ಷತ್ರಗಳು ಆಚೀಚೆ ಓಡಿದವು. ಆಮೇಲೆ ಎಮರ್ಜೆನ್ಸಿ ಮೋಡ್ ಎಂದು ಬಂತು. ರೂಟ್ ಅಕೌಂಟ್ ಲಾಕ್ ಆಗಿದೆ, ಕನ್ಸೋಲ್ ಕೊಡಲಾಗುವುದಿಲ್ಲ, ಎಂಟರ್ ಒತ್ತಿ ಎನ್ನುತ್ತದೆ. ಎಂಟರ್ ಒತ್ತಿದರೆ ಮತ್ತೆ ಅದೇ. ಎಕ್ಸ್‌ಟರ್ನಲ್ ಡಿಸ್ಕ್ ಒಂದು ಯಾವಾಗಲೂ ಸಿಕ್ಕಿಸಿಯೇ ಇರುತ್ತೇನೆ, ಎಫ್‌ಎಸ್‌ಟ್ಯಾಬ್‌ನಲ್ಲಿ (ಬೂಟ್ ಆಗುವಾಗ ಮೌಂಟ್ ಮಾಡಬೇಕಾದ ಡಿಸ್ಕ್‌ಗಳ ಪಟ್ಟಿ) ಬರೆದಿದ್ದೇನೆ. ವಿಂಡೋಸ್‌ನಲ್ಲೂ ಬಳಸುವುದರಿಂದ ಎನ್‌ಟಿಎಫ್‌ಎಸ್ ಫೈಲ್‌ಸಿಸ್ಟಮ್. ಕಂಪೈಲ್ ಮಾಡಿದ ದಿನ ಮಾತ್ರ ತಮ್ಮ ತೆಗೆದುಕೊಂಡು ಹೋಗಿದ್ದ.

ಕಪ್ಪುಪರದೆ:
ಆ ಕೊನೆಯ ಸಾಲಲ್ಲೇ ಉತ್ತರ ಇದೆ.

ಮೌಂಟ್ ಎನ್ನುವುದು ಬೂಟ್‌ನಲ್ಲಿ ಒಂದೇ ಸಲ ಆಗುವ ಕೆಲಸ ಅಲ್ಲ. ಇನಿಟ್‌ರಾಮ್‌ಎಫ್‌ಎಸ್ ಇಲ್ಲದಿದ್ದರೆ ಕರ್ನಲ್ ತಾನೇ ರೂಟ್ ಮೌಂಟ್ ಮಾಡಲು ನೋಡುತ್ತದೆ. ಇದ್ದರೆ ಆ ಕೆಲಸ ಇನಿಟ್‌ರಾಮ್‌ಎಫ್‌ಎಸ್ ಮಾಡುತ್ತದೆ. ಅದಾದ ಮೇಲೆ ಸಿಸ್ಟಮ್‌ಡಿ (ಸಿಸ್ಟಮ್‌ನ ಉಳಿದ ಕೆಲಸಗಳನ್ನು ಶುರು ಮಾಡುವ ಪ್ರೋಗ್ರಾಮ್) ಎಫ್‌ಎಸ್‌ಟ್ಯಾಬ್ ಓದಿ ಉಳಿದದ್ದನ್ನೆಲ್ಲ ಮಾಡುತ್ತದೆ. ಮೂವರ ದೂರೂ ಬೇರೆ ಬೇರೆ. ಪ್ಯಾನಿಕ್ ಬಂದರೆ ಮೊದಲನೆಯವರ ಹತ್ತಿರ ನಿಂತಿದ್ದೀರಿ. ಬಿಜಿಬಾಕ್ಸ್ ಎಂಬ ಪುಟ್ಟ ಕಮಾಂಡ್ ಶೆಲ್ ಬಂದು ‘ಯುಯುಐಡಿ ಇಲ್ಲ’ ಎಂದರೆ ಎರಡನೆಯವರು. 90 ಸೆಕೆಂಡ್ ಕಾದು ಎಮರ್ಜೆನ್ಸಿ ಮೋಡ್ ಬಂದರೆ ಮೂರನೆಯವರು, ಆಗ ನಿಮ್ಮ ರೂಟ್ ಡಿಸ್ಕ್ ಚೆನ್ನಾಗಿಯೇ ಇದೆ. ಯಾರು ದೂರು ಹೇಳುತ್ತಿದ್ದಾರೆ ಎಂದು ನೋಡದೆ ಗೂಗಲ್ ಮಾಡಿದರೆ ಒಬ್ಬರ ಕಾಯಿಲೆಗೆ ಇನ್ನೊಬ್ಬರ ಮಾತ್ರೆ ಸಿಗುತ್ತದೆ. ನನಗೆ ಇದು ಅರ್ಥವಾಗಲು ಎರಡು ವರ್ಷ ಬೇಕಾಯಿತು, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ನಿಮ್ಮದರಲ್ಲಿ ಆಗಿದ್ದು ಹೀಗೆ. ಲೋಕಲ್‌ಮಾಡ್‌ಕಾನ್ಫಿಗ್ ಆ ಕ್ಷಣ ಲೋಡ್ ಆಗಿ ‘ಎಲ್‌ಎಸ್‌ಮಾಡ್’ನಲ್ಲಿ ಕಾಣುವ ಮಾಡ್ಯೂಲ್‌ಗಳನ್ನು ಮಾತ್ರ ಉಳಿಸುತ್ತದೆ, ಮಿಕ್ಕಿದ್ದನ್ನು ತೆಗೆದುಹಾಕುತ್ತದೆ. 2.6.32ರಿಂದ ಇರುವ ಸೌಲಭ್ಯ. ಕಂಪೈಲ್ ಬೇಗ ಮುಗಿಯುತ್ತದೆ ನಿಜ, ಆದರೆ ಅವತ್ತು ಸಿಕ್ಕಿಸದ ವಸ್ತು ಅದರ ಪಾಲಿಗೆ ಇಲ್ಲವೇ ಇಲ್ಲ. ಡಿಸ್ಕ್ ತಮ್ಮನ ಹತ್ತಿರ ಇತ್ತು, ಯುಎಸ್‌ಬಿ ಸ್ಟೋರೇಜ್ ಮಾಡ್ಯೂಲ್ ಲೋಡ್ ಆಗಿರಲಿಲ್ಲ, ಕಾನ್ಫಿಗ್‌ನಿಂದ ಹೋಯಿತು. ಈ ಆಜ್ಞೆ ಕೊಡುವ ಮೊದಲು ಮನೆಯಲ್ಲಿರುವ ಪೆನ್‌ಡ್ರೈವ್, ಎಕ್ಸ್‌ಟರ್ನಲ್ ಡಿಸ್ಕ್, ಫೋನ್ ಟೆದರಿಂಗ್, ಆಫೀಸಿನ ವಿಪಿಎನ್ ಎಲ್ಲವನ್ನೂ ಒಂದೊಂದು ಸಲ ಬಳಸಿಬಿಡಿ. ಪೆನ್‌ಡ್ರೈವನ್ನು ಸಿಕ್ಕಿಸಿದರೆ ಸಾಲದು, ಮೌಂಟ್ ಕೂಡ ಮಾಡಿ, ಫೈಲ್‌ಸಿಸ್ಟಮ್ ಮಾಡ್ಯೂಲ್ ಬರುವುದು ಆಗಲೇ.

ಈಗ ಹಳೆಯ ಕರ್ನಲ್‌ನಲ್ಲಿ ಬೂಟ್ ಮಾಡಿ. ಎಫ್‌ಎಸ್‌ಟ್ಯಾಬ್‌ನಲ್ಲಿ ಆ ಡಿಸ್ಕ್‌ನ ಆಪ್ಷನ್‌ಗಳಿಗೆ ‘ನೋಫೇಲ್’ ಸೇರಿಸಿ, ಜೊತೆಗೆ ‘ಎಕ್ಸ್-ಸಿಸ್ಟಮ್‌ಡಿ.ಡಿವೈಸ್-ಟೈಮ್‌ಔಟ್=10’. ಡಿಸ್ಕ್ ಇಲ್ಲದಿದ್ದರೂ ಬೂಟ್ ನಿಲ್ಲುವುದಿಲ್ಲ. ಬಿಚ್ಚಿ ಹಾಕಬಹುದಾದ ಯಾವ ಡಿಸ್ಕ್‌ಗೂ ನೋಫೇಲ್ ಇಲ್ಲದ ಸಾಲು ಬರೆಯಬೇಡಿ. ‘ಫೈಂಡ್‌ಎಂಎನ್‌ಟಿ --ವೆರಿಫೈ’ ಕೊಟ್ಟರೆ ಫೈಲ್‌ನಲ್ಲಿ ತಪ್ಪಿದ್ದರೆ ಅಲ್ಲೇ ಹೇಳುತ್ತದೆ. ಆಮೇಲೆ ಮೆನುಕಾನ್ಫಿಗ್‌ನಲ್ಲಿ ಯುಎಸ್‌ಬಿ_ಸ್ಟೋರೇಜ್, ಯುಎಸ್‌ಬಿ_ಯುಎಎಸ್, ಎನ್‌ಟಿಎಫ್‌ಎಸ್3 ಮೂರಕ್ಕೂ ‘ಎಂ’ ಹಾಕಿ ಮೇಕ್ ಕೊಡಿ. ಮೊದಲಿನಷ್ಟು ಹೊತ್ತು ಹಿಡಿಯುವುದಿಲ್ಲ, ಹೊಸದಾಗಿ ಸೇರಿದ್ದು ಮಾತ್ರ ಕಂಪೈಲ್ ಆಗುತ್ತದೆ.

ಹಳೇ_ಯುನಿಕ್ಸ್:
ಲಿನಕ್ಸ್‌ನವರ ಮಾತಿನ ನಡುವೆ ಫ್ರೀಬಿಎಸ್‌ಡಿ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮ್‌ನದೊಂದು ಅನುಭವ ಹೇಳುತ್ತೇನೆ, ಉಪಯೋಗಕ್ಕೆ ಬರಬಹುದು. ಅಲ್ಲಿ ರೂಟ್ ಸಿಗದಿದ್ದರೆ ಕರ್ನಲ್ ಪ್ಯಾನಿಕ್ ಆಗುವ ಮೊದಲು ‘ಮೌಂಟ್‌ರೂಟ್’ ಎಂಬ ಪ್ರಾಂಪ್ಟ್ ಕೊಟ್ಟು ನಮ್ಮನ್ನೇ ಕೇಳುತ್ತದೆ. ನಾನು ಒಂದು ಸರ್ವರ್‌ನ ಸಾಟಾ ಡಿಸ್ಕ್ ಬಿಚ್ಚಿ ಯುಎಸ್‌ಬಿ ಬಾಕ್ಸ್‌ಗೆ ಹಾಕಿ ಬೂಟ್ ಮಾಡಿದೆ. ಎರರ್ 19 ಎಂದು ನಿಂತಿತು. ಪ್ರಾಂಪ್ಟ್‌ನಲ್ಲಿ ಪ್ರಶ್ನಾರ್ಥಕ ಚಿಹ್ನೆ ಒತ್ತಿದರೆ ಕಂಡ ಡಿಸ್ಕ್‌ಗಳ ಪಟ್ಟಿ ಬರುತ್ತದೆ. ನೋಡಿದರೆ ಎಡಿಎ0 ಆಗಿದ್ದದ್ದು ಈಗ ಡಿಎ0 ಆಗಿದೆ, ದಾರಿ ಬದಲಾದರೆ ಹೆಸರೂ ಬದಲು. ‘ಯುಎಫ್‌ಎಸ್:/ಡೆವ್/ಡಿಎ0ಪಿ2’ ಎಂದು ಟೈಪ್ ಮಾಡಿದೆ, ಎದ್ದು ನಿಂತಿತು. ಆಮೇಲೆ ಎಫ್‌ಎಸ್‌ಟ್ಯಾಬ್‌ನಲ್ಲಿ ಡಿಸ್ಕ್ ಹೆಸರು ತೆಗೆದು ಜಿಪಿಟಿ ಲೇಬಲ್ ಬರೆದೆ. ಲಿನಕ್ಸ್‌ನಲ್ಲಿ ಎಸ್‌ಡಿಎ, ಎಸ್‌ಡಿಬಿ ಬರೆಯಬೇಡಿ, ಯುಯುಐಡಿ ಬರೆಯಿರಿ ಎನ್ನುವುದೂ ಇದಕ್ಕೇ ಅಲ್ವಾ.

ಇನ್ನೊಂದು. ಅಲ್ಲಿ ‘ಮೇಕ್ ಇನ್‌ಸ್ಟಾಲ್‌ಕರ್ನಲ್’ ಕೊಟ್ಟಾಗ ಹಳೆಯದು /ಬೂಟ್/ಕರ್ನಲ್.ಓಲ್ಡ್‌ಗೆ ಹೋಗುತ್ತದೆ. ಹೊಸದು ಕೈಕೊಟ್ಟರೆ ಲೋಡರ್ ಮೆನುವಿನಲ್ಲೇ ಹಳೆಯದನ್ನು ಆರಿಸಬಹುದು. ಆದರೂ ನಾನು ಚೆನ್ನಾಗಿ ಓಡುವ ಜೆನೆರಿಕ್ (ಸಿಸ್ಟಮ್ ಜೊತೆ ಬರುವ) ಕರ್ನಲ್‌ನ ಒಂದು ಪ್ರತಿಯನ್ನು ಬೇರೆ ಹೆಸರಲ್ಲಿ ಇಟ್ಟಿರುತ್ತೇನೆ. ಕಾನ್ಫಿಗ್ ಫೈಲ್ ಕೂಡ ಮೊದಲಿಂದ ಬರೆಯುವುದಿಲ್ಲ. ‘ಇನ್‌ಕ್ಲೂಡ್ ಜೆನೆರಿಕ್’ ಎಂದು ಮೇಲೆ ಹಾಕಿ ಬೇಡದ್ದಕ್ಕೆ ಕೆಳಗೆ ‘ನೋಡಿವೈಸ್’ ಬರೆಯುತ್ತೇನೆ. ಏನು ತೆಗೆದೆ ಎಂದು ವರ್ಷ ಕಳೆದರೂ ಒಂದು ನೋಟಕ್ಕೆ ಗೊತ್ತಾಗುತ್ತದೆ.

ಕೊಡಚಾದ್ರಿ_92:
ಈಗ 6.12ರಲ್ಲಿ ಕುಳಿತೇ ಬರೆಯುತ್ತಿದ್ದೇನೆ. ಡಿಸ್ಕ್ ಕಂಡಿತು. ಎಫ್‌ಎಸ್‌ಟ್ಯಾಬ್‌ನಲ್ಲಿ ಎನ್‌ಟಿಎಫ್‌ಎಸ್3 ಎಂದು ಬರೆದೆ. ಆದರೆ ಮೌಂಟ್ ಕೊಟ್ಟರೆ ‘ಫೈಲ್‌ಸಿಸ್ಟಮ್ ತಪ್ಪು, ಆಪ್ಷನ್ ತಪ್ಪು, ಸೂಪರ್‌ಬ್ಲಾಕ್ ತಪ್ಪು, ಕೋಡ್‌ಪೇಜ್ ಇಲ್ಲ’ ಎಂದು ಎಲ್ಲವನ್ನೂ ಒಟ್ಟಿಗೆ ಹೇಳುತ್ತದೆ. ಯಾವುದನ್ನು ನಂಬಲಿ?

ದಾವಣಗೆರೆ_ಬೆಣ್ಣೆ:
‘ಎನ್‌ಟಿಎಫ್‌ಎಸ್‌ಫಿಕ್ಸ್ -ಡಿ’ ಕೊಡಿ, ನನಗೆ ಅದರಲ್ಲೇ ಸರಿಯಾಗಿತ್ತು.

ಕಪ್ಪುಪರದೆ:
ಮೌಂಟ್ ಹೇಳುವ ಆ ಸಾಲನ್ನು ನಂಬಬೇಡಿ, ನಿಜವಾದ ಕಾರಣ ತಿಳಿಯದಾಗಲೆಲ್ಲ ಅದು ಅದನ್ನೇ ಹೇಳುತ್ತದೆ. ತಕ್ಷಣ ‘ಡಿಮೆಸೇಜ್’ (dmesg, ಕರ್ನಲ್ ಬರೆಯುವ ಸಂದೇಶಗಳು) ನೋಡಿ, ಕೊನೆಯ ನಾಲ್ಕೈದು ಸಾಲು ಸಾಕು. ವಾಲ್ಯೂಮ್ ಡರ್ಟಿ ಎಂದೂ, ಫೋರ್ಸ್ ಕೊಟ್ಟಿಲ್ಲ ಎಂದೂ ಇದೆಯಾ?

ಹಾಗಿದ್ದರೆ ವಿಂಡೋಸ್ ಅದನ್ನು ಸರಿಯಾಗಿ ಮುಚ್ಚಿಲ್ಲ. ಅಲ್ಲಿ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಎಂದರೂ ಅರ್ಧ ಹೈಬರ್ನೇಟ್ ಆಗಿರುತ್ತದೆ. ಸೇಫ್ಲಿ ರಿಮೂವ್ ಕೊಡದೆ ಕಿತ್ತರೂ ಹೀಗೇ. ಬೆಣ್ಣೆ ಅವರೇ, ಎನ್‌ಟಿಎಫ್‌ಎಸ್‌ಫಿಕ್ಸ್ ಮಾಡುವುದು ಸಣ್ಣಪುಟ್ಟ ರಿಪೇರಿ ಮಾತ್ರ, ‘-ಡಿ’ ಹಾಕಿದರೆ ಡರ್ಟಿ ಗುರುತು ಅಳಿಸುತ್ತದೆ. ಒಳಗೆ ನಿಜವಾದ ತೊಂದರೆ ಇದ್ದರೆ ಅದು ಹಾಗೇ ಇರುತ್ತದೆ, ಮೇಲೆ ಹೊಸ ಫೈಲ್ ಬರೆದಾಗ ಜಾಸ್ತಿ ಕೆಡುತ್ತದೆ. ಡಿಸ್ಕನ್ನು ಮತ್ತೆ ವಿಂಡೋಸ್‌ಗೆ ಸಿಕ್ಕಿಸಿ ‘ಚೆಕ್‌ಡಿಸ್ಕ್ /ಎಫ್’ ಮಾಡಿ, ಸೇಫ್ಲಿ ರಿಮೂವ್ ಮಾಡಿ ತೆಗೆಯಿರಿ. ಅಷ್ಟರವರೆಗೆ ಫೋಟೊಗಳೇನಾದರೂ ಬೇಕಿದ್ದರೆ ‘ಆರ್‌ಒ’ ಎಂದು ಓದಲು ಮಾತ್ರ ಮೌಂಟ್ ಮಾಡಿ ಕಾಪಿ ಮಾಡಿಕೊಳ್ಳಿ.

ಗೋಳಿಬಜೆ:
ಡಿಮೆಸೇಜ್ ಮಾತು ಬಂದಿದ್ದಕ್ಕೆ ಒಂದು ಹೇಳುತ್ತೇನೆ. ಒಮ್ಮೆ ಕಾನ್ಫಿಗನ್ನು ಸೊನ್ನೆಯಿಂದ ಕಟ್ಟಿದಾಗ ಪೆನ್‌ಡ್ರೈವ್ ಮೌಂಟ್ ಆಗಲಿಲ್ಲ. ಡಿಮೆಸೇಜ್‌ನಲ್ಲಿ ‘ಐಒ ಚಾರ್‌ಸೆಟ್ ಐಎಸ್‌ಒ8859-1 ಸಿಗಲಿಲ್ಲ’ ಎಂದಿತ್ತು. ಪೆನ್‌ಡ್ರೈವ್‌ನ ವಿಫ್ಯಾಟ್ ಫೈಲ್‌ಸಿಸ್ಟಮ್‌ಗೆ ಎನ್‌ಎಲ್‌ಎಸ್ (ಭಾಷೆಗಳ ಅಕ್ಷರ ಸಂಕೇತ) ವಿಭಾಗದ ಆ ಮಾಡ್ಯೂಲ್ ಬೇಕು, ಕೋಡ್‌ಪೇಜ್ 437 ಕೂಡ ಬೇಕು. ಹಾಕಿದೆ, ಮೌಂಟ್ ಆಯಿತು. ತೆರೆದು ನೋಡಿದರೆ ಅಮ್ಮ ಟೈಪ್ ಮಾಡಿಟ್ಟಿದ್ದ ಫೈಲ್‌ಗಳ ಕನ್ನಡ ಹೆಸರುಗಳೆಲ್ಲ ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆ, ಒಂದನ್ನೂ ತೆರೆಯಲು ಬರಲಿಲ್ಲ. ಎದೆ ಧಸಕ್ ಎಂದಿತು. ಫೈಲ್‌ಗಳಿಗೆ ಏನೂ ಆಗಿರಲಿಲ್ಲ. ಐಎಸ್‌ಒ8859-1ರಲ್ಲಿ ಕನ್ನಡ ಅಕ್ಷರವೇ ಇಲ್ಲ, ಅಷ್ಟೇ. ಅನ್‌ಮೌಂಟ್ ಮಾಡಿ ‘-ಒ ಯುಟಿಎಫ್8=1’ ಕೊಟ್ಟು ಮತ್ತೆ ಮೌಂಟ್ ಮಾಡಿದ ತಕ್ಷಣ ಹೆಸರುಗಳು ವಾಪಸ್ ಬಂದವು. ಈಗ ಫ್ಯಾಟ್_ಡೀಫಾಲ್ಟ್_ಯುಟಿಎಫ್8ಗೆ ಮೊದಲೇ ಸ್ಟಾರ್ ಹಾಕಿಬಿಡುತ್ತೇನೆ. ಕನ್ನಡದಲ್ಲಿ ಫೈಲ್ ಹೆಸರಿಡುವವರು ಎಲ್ಲರೂ ಇದೊಂದು ನೋಡಿಕೊಳ್ಳಿ.

ಕಪ್ಪುಪರದೆ:
ಇದು ತುಂಬಾ ಮುಖ್ಯವಾದ ಮಾತು. ಎನ್‌ಟಿಎಫ್‌ಎಸ್3ಗೂ ಇದೇ ಕೆಲಸಕ್ಕೆ ‘ಐಒಚಾರ್‌ಸೆಟ್=ಯುಟಿಎಫ್8’ ಎಂಬ ಆಪ್ಷನ್ ಇದೆ. ಕೊಡಚಾದ್ರಿ, ನಿಮ್ಮ ಎಫ್‌ಎಸ್‌ಟ್ಯಾಬ್ ಸಾಲಿಗೂ ಸೇರಿಸಿ. ಜೊತೆಗೆ ‘ಯುಐಡಿ=1000’ ಹಾಕಿ, ಇಲ್ಲದಿದ್ದರೆ ಫೈಲ್‌ಗಳೆಲ್ಲ ರೂಟ್ ಹೆಸರಲ್ಲಿ ಕಾಣುತ್ತವೆ. ಬದಲಾಯಿಸಿದ ಮೇಲೆ ‘ಸಿಸ್ಟಮ್‌ಸಿಟಿಎಲ್ ಡೀಮನ್-ರೀಲೋಡ್’ ಮರೆಯಬೇಡಿ.

ಕೊಡಚಾದ್ರಿ_92:
ತಮ್ಮನ ಲ್ಯಾಪ್‌ಟಾಪ್‌ನಲ್ಲಿ ಚೆಕ್‌ಡಿಸ್ಕ್ ಮಾಡಿಸಿದೆ, ಎರಡು ತಪ್ಪು ಸರಿ ಮಾಡಿತು. ಈಗ ಮೌಂಟ್ ಆಗುತ್ತಿದೆ, ಬರೆಯಲೂ ಬರುತ್ತಿದೆ. ಡಿಸ್ಕ್ ಕಿತ್ತು ಬೂಟ್ ಮಾಡಿ ನೋಡಿದೆ, ಹತ್ತು ಸೆಕೆಂಡ್ ಕೂಡ ಕಾಯಲಿಲ್ಲ.

ಮತ್ತೆ ಸ್ಪೀಕರ್‌ನಲ್ಲಿ ಶಬ್ದ ಬಂತು! ಲ್ಯಾಪ್‌ಟಾಪ್ ತಂದು ಎಂಟು ತಿಂಗಳಾದ ಮೇಲೆ ಇದೇ ಮೊದಲು. ಅಪ್ಪನೂ ಬಂದು ಕೇಳಿಸಿಕೊಂಡು ಹೋದರು. ಈ ಒಂದು ಸಾಲನ್ನು ಕರ್ನಲ್‌ನವರಿಗೆ ಕಳುಹಿಸಬೇಕು ಎಂದಿದೆ, ಇದೇ ಮಾಡೆಲ್ ಇರುವ ಬೇರೆಯವರು ಇಷ್ಟೆಲ್ಲ ಮಾಡುವುದು ತಪ್ಪುತ್ತದೆ. ಹೇಗೆ ಶುರು ಮಾಡಲಿ ಅಕ್ಕ?

ಕಪ್ಪುಪರದೆ:
ಓದಿ ತುಂಬಾ ಖುಷಿಯಾಯಿತು. ಖಂಡಿತ ಕಳುಹಿಸಿ. ಮೊದಲು ನಿಮ್ಮ ಸಾಲನ್ನು ಈಗಿನ ಹೊಸ ಸೋರ್ಸ್‌ಗೆ ಹಾಕಿ ಗಿಟ್‌ನಲ್ಲಿ ಕಮಿಟ್ ಮಾಡಿ. ‘ಗಿಟ್ ಕಮಿಟ್ -ಎಸ್’ ಎಂದು ಕೊಟ್ಟರೆ ಸೈನ್ಡ್-ಆಫ್-ಬೈ ಸಾಲು ನಿಮ್ಮ ಹೆಸರಲ್ಲಿ ಸೇರುತ್ತದೆ, ಅದಿಲ್ಲದೆ ತೆಗೆದುಕೊಳ್ಳುವುದಿಲ್ಲ. ವಿವರದಲ್ಲಿ ಲ್ಯಾಪ್‌ಟಾಪ್ ಮಾಡೆಲ್, ಮೊದಲು ಏನಾಗುತ್ತಿತ್ತು, ಈಗ ಏನಾಗಿದೆ, ಮೂರೇ ಸಾಲು ಬರೆಯಿರಿ. ‘ಗಿಟ್ ಫಾರ್ಮ್ಯಾಟ್-ಪ್ಯಾಚ್’ ಮಾಡಿ ಬಂದ ಫೈಲನ್ನು ‘ಸ್ಕ್ರಿಪ್ಟ್ಸ್/ಚೆಕ್‌ಪ್ಯಾಚ್’ಗೆ ಕೊಟ್ಟು ತಪ್ಪು ನೋಡಿಕೊಳ್ಳಿ. ಯಾರಿಗೆ ಕಳುಹಿಸಬೇಕು ಎಂದು ‘ಸ್ಕ್ರಿಪ್ಟ್ಸ್/ಗೆಟ್_ಮೇಂಟೇನರ್’ ಹೇಳುತ್ತದೆ. ಕಳುಹಿಸುವಾಗ ‘ಗಿಟ್ ಸೆಂಡ್-ಇಮೇಲ್’ ಬಳಸಿ. ಬ್ರೌಸರ್‌ನ ಮೇಲ್‌ನಲ್ಲಿ ಪೇಸ್ಟ್ ಮಾಡಿದರೆ ಟ್ಯಾಬ್‌ಗಳೆಲ್ಲ ಸ್ಪೇಸ್ ಆಗಿ ಪ್ಯಾಚ್ ಕೆಡುತ್ತದೆ. ಕಳುಹಿಸುವ ಮೊದಲು ಇಲ್ಲಿ ಹಾಕಿ, ನಾನೂ ಒಮ್ಮೆ ಓದುತ್ತೇನೆ.